ದ್ವೀಪಕ್ಕೆ ಹೋಗುವ ಅಧಿಕಾರಿಯನ್ನು ಆರಿಸುವವರು ಯಾರು?

ಧಾರವಾಡದ ಸಪ್ತಾಪುರದ ನಮ್ಮ ಕೋಣೆಯಲ್ಲಿ ಶನಿವಾರಕ್ಕೊಮ್ಮೆ ಕೆಎಎಸ್ ಬರೆದವರಿಗೆ ಮಾಕ್ ಇಂಟರ್‌ವ್ಯೂ ಮಾಡುತ್ತೇವೆ. ಕಳೆದ ವಾರ ಶಿರಹಟ್ಟಿ ಕಡೆಯ ಹುಡುಗಿಯೊಬ್ಬಳಿಗೆ ಕೇಳಿದೆ: ‘ಟ್ರಿಸ್ಟನ್ ಡ ಕುನ್ಹಾ ಅಂತ ಒಂದು ದ್ವೀಪ ಐತಿ. ದಕ್ಷಿಣ ಅಟ್ಲಾಂಟಿಕ್‌ನಾಗ, ಬ್ರಿಟನ್ನಿನ ಕೈಯಾಗ. ಇರೋ ಮಂದಿ 250ರ ಒಳಗ. ವಿಮಾನ ಇಲ್ಲ, ಕೇಪ್‌ಟೌನ್‌ನಿಂದ ಹಡಗಿನಾಗ ಸುಮಾರು ಒಂದು ವಾರ. ನಿನ್ನ ಅಲ್ಲಿಗೆ ಅಡ್ಮಿನಿಸ್ಟ್ರೇಟರ್ ಮಾಡಿ ಕಳಿಸಿದ್ರ ಮೊದಲ ದಿನ ಏನ್ ಮಾಡ್ತಿ?’

ಆಕೆ ದುಪಟ್ಟಾದ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ‘ಊರ ಹಿರ್ಯಾರ ಮನಿಗೆ ಹೋಗಿ ಕುಂದರ್ತೀನ್ರಿ ಸರ್. ದವಾಖಾನಿ, ನೀರು ಹ್ಯಾಂಗ ನಡದಾವ ಕೇಳ್ತೀನಿ. ಫೈಲು ಮರುದಿನ ತಗೀತೀನ್ರಿ.’

ನಾನು ಹತ್ತಕ್ಕೆ ಒಂಬತ್ತು ಹಾಕಿದೆ. ಪಕ್ಕದಲ್ಲಿದ್ದ ನಿವೃತ್ತ ಅಧಿಕಾರಿಗಳು ನಾಲ್ಕು ಹಾಕಿದರು. ಕಾನೂನಿನ ಒಂದು ಕಲಮೂ ಬರಲಿಲ್ಲವಲ್ಲ ಎಂಬುದು ಅವರ ತಕರಾರು. ರಾತ್ರಿಯೆಲ್ಲ ಆ ನಾಲ್ಕು ನನ್ನನ್ನು ಕಾಡಿತು.

ಆ ದ್ವೀಪದ ಅಡ್ಮಿನಿಸ್ಟ್ರೇಟರ್ ಅಂದರೆ ಅಲ್ಲಿನ ಮಂಡಳಿಯ ಅಧ್ಯಕ್ಷರೂ ಅವರೇ, ಮ್ಯಾಜಿಸ್ಟ್ರೇಟರೂ ಅವರೇ. ಜಗಳ ಮಾಡಿದವನೇ ನಾಳೆ ಪಕ್ಕದ ಮನೆಯವನು. 1961ರಲ್ಲಿ ಜ್ವಾಲಾಮುಖಿ ಎದ್ದಾಗ ಅಲ್ಲಿಯವರನ್ನೆಲ್ಲ ಇಂಗ್ಲೆಂಡಿಗೆ ಒಯ್ದಿದ್ದರು. 1963ರಲ್ಲಿ ಹೆಚ್ಚಿನವರು ತಿರುಗಿ ತಮ್ಮ ಊರಿಗೇ ಬಂದರು. ಅಂಥ ಮಂದಿಗೆ ಕಲಮು ಓದಿ ಹೇಳಿದರೆ ಸಾಕೇ?

ನಮಗೆ ಇದು ದೂರದ ಮಾತಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತು ಒಪ್ಪದೆ ಕಿತ್ತೂರಿಗೆ ದಂಡು ಒಯ್ದು 1824ರ ಅಕ್ಟೋಬರ್ 23ರಂದು ಅಲ್ಲೇ ಸತ್ತ. ಅವನ ಜೊತೆ ಹೋಗಿ ಚೆನ್ನಮ್ಮನವರ ಸೆರೆಯಾದ ತರುಣ ವಾಲ್ಟರ್ ಎಲಿಯಟ್ ಮುಂದೆ ನಮ್ಮ ಶಾಸನಗಳನ್ನು ಹುಡುಕಿ ಹುಡುಕಿ ಕೂಡಿಹಾಕಿದ. ಇಬ್ಬರನ್ನೂ ಕಳಿಸಿದ್ದು ಅದೇ ಈಸ್ಟ್ ಇಂಡಿಯಾ ಕಂಪನಿ.

1855ರಿಂದ ಇಂಡಿಯಾಕ್ಕೆ ಬರುವ ಅಧಿಕಾರಿಗಳಿಗೆ ಲಂಡನ್ನಿನಲ್ಲಿ ಪರೀಕ್ಷೆ ಶುರುವಾಯಿತು. ಆಫ್ರಿಕಾದ ವಸಾಹತುಗಳಿಗೆ ಮಾತ್ರ ಲಂಡನ್ನಿನ ವಸಾಹತು ಕಚೇರಿಯ ರಾಲ್ಫ್ ಫರ್ಸ್ ಎಂಬುವರು ದಶಕಗಳ ಕಾಲ ಸಂದರ್ಶನ ಮಾಡಿಯೇ ಆರಿಸಿದರು: ಯಾವ ಶಾಲೆ, ನಡೆನುಡಿ ಹೇಗೆ, ಗುರುಗಳು ಏನು ಬರೆದುಕೊಟ್ಟಿದ್ದಾರೆ. ಪರೀಕ್ಷೆಯೋ ಸಂದರ್ಶನವೋ, ಆಳಿಸಿಕೊಳ್ಳುವವರಿಗೆ ಎರಡರಲ್ಲೂ ಕುರ್ಚಿ ಇರಲಿಲ್ಲ. ಈಗ ಬ್ರಿಟನ್ನಿನ ಕೈಯಲ್ಲಿ ಉಳಿದ 14 ಸಾಗರೋತ್ತರ ಪ್ರದೇಶಗಳಿಗೂ ಗವರ್ನರು ಬೇಕಾದಲ್ಲಿ ಲಂಡನ್ನಿನ ಸಲಹೆಯಂತೆ ರಾಜನೇ ನೇಮಿಸುವುದು. ಜಾಣರನ್ನು ಆರಿಸುವುದು ಅವರಿಗೆ ಗೊತ್ತು. ಕೇಳಿಸಿಕೊಳ್ಳುವವರು ಯಾರೆಂದು ಗುರುತು ಹಿಡಿಯಬಲ್ಲವರು ಆ ಊರಿನವರೇ.

ಬರುವ ಶನಿವಾರ ನಮ್ಮ ಪ್ಯಾನೆಲ್ಲಿಗೆ ಹಳ್ಳಿಯ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರನ್ನು ಕರೆದಿದ್ದೇನೆ. ಅಂಕದ ಹಾಳೆ ಅವರ ಕೈಗೂ ಕೊಡುತ್ತೇನೆ.