ಒಂದು ತೂತು ಮುಚ್ಚಿದ ಮೇಲೆ

ಅಂಗಳದ ಸಿಮೆಂಟಿನ ಮೇಲೆ ಕೈಯಗಲದ ಹಸಿರು ಕಲೆಯನ್ನು ಮೊದಲು ಕಂಡವರು ಅಪ್ಪ. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಕಳೆದು ಕೆಲವು ದಿನಗಳಾಗಿದ್ದವು. ರಾತ್ರಿಯಿಡೀ ಮಳೆ ಸುರಿದಿತ್ತು. ಹಾಗಾಗಿ ಕಾರಿನಡಿ ಒದ್ದೆಯಾಗಿದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಅಪ್ಪ ಬಗ್ಗಿ, ಬೆರಳು ತಾಗಿಸಿ ಮೂಸಿ ನೋಡಿದರು. "ಮಳೆನೀರು ಹಸಿರಾಗಿ ಇರೋದಿಲ್ಲ ಮಗಳೇ, ಇಷ್ಟು ಸಿಹಿ ವಾಸನೆಯೂ ಬರೋದಿಲ್ಲ."

ಕೂಲೆಂಟ್, ಇಂಜಿನ್ನನ್ನು ತಂಪಾಗಿಡುವ ದ್ರವ. ನನಗೆ ಆ ಕ್ಷಣ ಕಾರಿಗಿಂತ ಹೆಚ್ಚು ಹೆದರಿಕೆಯಾದದ್ದು ನಮ್ಮ ನಾಯಿಯ ಬಗ್ಗೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡವೇ ಹೋಗುತ್ತದೆ, ಸ್ವಲ್ಪವೇ ಸಾಕು. ನಾಯಿಯನ್ನು ಕಟ್ಟಿ, ಕಲೆಯ ಮೇಲೆ ಒಲೆಯ ಬೂದಿ ಸುರಿದು ಹೀರಿಸಿ, ಬೂದಿಯನ್ನು ಗೋರಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ನೆಲವನ್ನು ಎರಡೆರಡು ಸಲ ತಿಕ್ಕಿ ತೊಳೆದ ಮೇಲೆಯೇ ಬಾನೆಟ್ ಎತ್ತಿದ್ದು.

ಕಾರು 1995ರದ್ದು. ಅದರ ಹಿಂದಿನ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು, ಇಲ್ಲಿ ಕಾಫಿಗೆ ಯಾರೂ ನೆನೆಸದ ಬೆಲೆ ಬಂತು. ಸುಂಟಿಕೊಪ್ಪದ ಹತ್ತಿರದ ನಮ್ಮ ಸಣ್ಣ ತೋಟದ ಕಾಫಿ ಮಾರಿ ಅಪ್ಪ ಕೊಂಡ ಮೊದಲ ಮತ್ತು ಕೊನೆಯ ಕಾರು ಇದು. ಆಮೇಲೆ ಬೆಲೆ ಬಿದ್ದ ವರ್ಷಗಳಲ್ಲಿ ಮನೆಯಿಂದ ಏನೇನೋ ಹೋಯಿತು, ಇದು ಮಾತ್ರ ಉಳಿಯಿತು. ಈಗ ಓಡಿಸುವವಳು ನಾನು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಗೇರ್ ಬದಲಾಯಿಸುವ ಸದ್ದು ಕೇಳುತ್ತಾರೆ.

ತೂತು ದೊಡ್ಡದಿರಲಿಲ್ಲ. ದಿನಾ ಬೆಳಿಗ್ಗೆ ಒಂದಿಷ್ಟು ನೀರು ಸುರಿದುಕೊಂಡೇ ಒಂದು ತಿಂಗಳು ಓಡಿಸಿದೆ. ಹಾಗೆ ಮಾಡಬಾರದಿತ್ತು. ಬರೀ ನೀರು ಸೇರಿಸುತ್ತಾ ಹೋದಂತೆ ಕೂಲೆಂಟ್ ತೆಳುವಾಗುತ್ತದೆ, ಅದರಲ್ಲಿರುವ ತುಕ್ಕು ತಡೆಯುವ ಅಂಶವೂ ಅಷ್ಟೇ ತೆಳುವಾಗುತ್ತದೆ. ತಲಕಾವೇರಿಯಲ್ಲಿ ಕಾವೇರಿ ತೀರ್ಥ ಉಕ್ಕುವ ತುಲಾ ಸಂಕ್ರಮಣಕ್ಕೆ ಎರಡು ದಿನ ಇರುವಾಗ ಅಪ್ಪ ಕೇಳಿದರು, "ತಲಕಾವೇರಿಗೆ ಈ ಗಾಡಿ ಹತ್ತುತ್ತಾ?" ಆಗ ಎಚ್ಚರವಾಯಿತು.

ಮಡಿಕೇರಿಯ ಮೆಕ್ಯಾನಿಕ್ ಅಣ್ಣ ಕೂಲೆಂಟ್ ತಣಿಸುವ ರೇಡಿಯೇಟರಿನ ಕ್ಯಾಪ್ ತೆಗೆದು, ಆ ಬಾಯಿಗೆ ಗೇಜ್ ಇರುವ ಕೈಪಂಪ್ ಸಿಕ್ಕಿಸಿ ಗಾಳಿ ಒತ್ತಿದರು. ಮುಳ್ಳು ನಿಲ್ಲಲಿಲ್ಲ, ಮೆಲ್ಲಗೆ ಇಳಿಯಿತು. ಟಾರ್ಚ್ ಹಿಡಿದು ನೋಡಿದರೆ ರೇಡಿಯೇಟರಿನ ಕೆಳಮೂಲೆಯಲ್ಲಿ ಉಪ್ಪು ಕಟ್ಟಿದಂಥ ಬಿಳಿ ಗೆರೆ, ಅದರ ನಡುವೆ ಸೂಜಿಮೊನೆಯಷ್ಟು ಜಾಗದಿಂದ ಹನಿ. ಆಯಿಲ್ ಗೇಜ್ ಎಳೆದು ನೋಡಿದರು, ಆಯಿಲ್ ಹಾಲು ಬೆರೆಸಿದಂತೆ ಆಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇರಲಿಲ್ಲ. "ಹೆಡ್ ಗ್ಯಾಸ್ಕೆಟ್ ಹೋಗಿಲ್ಲ, ಪುಣ್ಯ. ರೇಡಿಯೇಟರ್ ಮಾತ್ರ." ಇಂಜಿನ್ನಿನ ಮೇಲ್ಭಾಗದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಸೀಲ್ ಅದು, ಹೋದರೆ ಕೂಲೆಂಟ್ ಆಯಿಲಿಗೆ ಸೇರಬಹುದು.

ಮೊದಲಿದ್ದ ರೇಡಿಯೇಟರ್ ತಾಮ್ರ ಹಿತ್ತಾಳೆಯದು. ಅದಾಗಿದ್ದರೆ ಬೆಸುಗೆ ಹಾಕಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿ ಸಂಜೆಯೊಳಗೆ ಕೊಡುತ್ತಿದ್ದರು. ಈಗಿರುವುದು ಆಮೇಲೆ ಹಾಕಿಸಿದ್ದು, ಅಲ್ಯುಮಿನಿಯಂ ಕೋರ್, ಎರಡು ಕಡೆ ಪ್ಲಾಸ್ಟಿಕ್ ಟ್ಯಾಂಕ್. ಬೆಸುಗೆ ಹಿಡಿಯುವುದಿಲ್ಲ. ಹೊಸದು ಮೈಸೂರಿನಿಂದ ಬರಬೇಕು, ನಾಲ್ಕು ದಿನ.

ನಾನೇ ಕೇಳಿದೆ, "ಲೀಕ್ ನಿಲ್ಲಿಸುವ ಬಾಟಲಿ ಸಿಗುತ್ತಲ್ಲ ಅಣ್ಣ, ಅದು?"

ಅವರು ಉತ್ತರಿಸಲು ಹೊತ್ತು ತೆಗೆದುಕೊಂಡರು. "ಹಾಕಬಹುದು. ಸಂಕ್ರಮಣಕ್ಕೆ ಹೋಗಿ ಬನ್ನಿ. ಬಂದ ಮೇಲೆ ಗಾಡಿ ಇಲ್ಲಿಗೇ ತರಬೇಕು. ತೇಪೆ ತೇಪೆಯೇ ಅಕ್ಕ, ಹೊಸ ಬಟ್ಟೆ ಆಗಲ್ಲ."

ಈ ಬಾಟಲಿಗಳಲ್ಲಿ ಎರಡು ಜಾತಿ. ಒಂದರಲ್ಲಿ ಬಹಳ ನುಣುಪಾದ ಪುಡಿ, ನಾರು, ಲೋಹದ ಚೂರು ಇರುತ್ತವೆ. ಕೂಲೆಂಟಿನ ಜೊತೆ ಸುತ್ತುತ್ತಾ ತೂತಿನತ್ತ ಸೆಳೆಯಲ್ಪಟ್ಟು ಅಲ್ಲಿ ಒಂದರ ಮೇಲೊಂದು ಸಿಕ್ಕಿಕೊಂಡು ಬಾಯಿ ಮುಚ್ಚುತ್ತವೆ. ಇನ್ನೊಂದು ಸೋಡಿಯಂ ಸಿಲಿಕೇಟ್, ಕಾಯಿಸಿದಾಗ ಗಾಜಿನಂತೆ ಗಟ್ಟಿಯಾಗುವ ದ್ರವ. ಅದನ್ನು ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ ಸೋರಿಕೆಗೆ ಹಾಕುತ್ತಾರೆ, ಅದರಲ್ಲೂ ಹಲವು ಬಗೆಗಳನ್ನು ಹಾಕುವ ಮೊದಲು ಹಳೆಯ ಕೂಲೆಂಟನ್ನು ಪೂರ್ತಿ ತೊಳೆದು ತೆಗೆಯಬೇಕು. ನಮಗೆ ಬೇಕಾದದ್ದು ಮೊದಲನೆಯದು. ಅಪ್ಪನಿಗೆ ಇದೇನೂ ಹೊಸದಲ್ಲ. ಹಿಂದೆ ಲಾರಿಯವರು ಘಾಟಿಯಲ್ಲಿ ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುತ್ತಿದ್ದದ್ದನ್ನು ಅವರು ನೋಡಿದ್ದಾರೆ. ಕರಿಮೆಣಸಿನ ಪುಡಿ ಹಾಕುವವರೂ ಉಂಟು. ನೀರಿನಲ್ಲಿ ಕರಗದ ಪುಡಿ ಹೋಗಿ ತೂತಿನಲ್ಲಿ ಕೂರುತ್ತದೆ, ಕೆಲಸ ಒಂದೇ.

ಬಾಟಲಿ ಹಾಕುವುದಕ್ಕೆ ತಾಳ್ಮೆ ಬೇಕು. ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದೆವು. ಬಿಸಿ ಇರುವಾಗ ಕ್ಯಾಪ್ ತೆಗೆದು ಮುಖ ಸುಟ್ಟುಕೊಂಡವರನ್ನು ಆ ಅಣ್ಣ ನೋಡಿದ್ದಾರಂತೆ. ಬಾಟಲಿಯ ತಳದಲ್ಲಿ ಪುಡಿ ಕೂತಿರುತ್ತದೆ, ಚೆನ್ನಾಗಿ ಅಲುಗಾಡಿಸಬೇಕು. ಬದಿಯ ಪ್ಲಾಸ್ಟಿಕ್ ಡಬ್ಬಿಗಲ್ಲ, ನೇರ ರೇಡಿಯೇಟರಿನ ಬಾಯಿಗೇ ಸುರಿಯಬೇಕು, ಡಬ್ಬಿಗೆ ಹಾಕಿದರೆ ಅಲ್ಲೇ ತಳ ಹಿಡಿಯುತ್ತದೆ. ಕ್ಯಾಪ್ ಬಿಗಿದು, ಹೀಟರ್ ಪೂರ್ತಿ ತೆರೆದು, ಅರ್ಧ ಗಂಟೆ ಇಂಜಿನ್ ಓಡುತ್ತಾ ಇರಲಿ ಎಂದು ಬಿಟ್ಟೆವು. ಇಪ್ಪತ್ತನೇ ನಿಮಿಷದ ಹೊತ್ತಿಗೆ ಹನಿ ನಿಂತಿತು. ಕೆಳಗೆ ಹಾಸಿದ್ದ ರಟ್ಟು ಮರುದಿನ ಬೆಳಿಗ್ಗೆಯೂ ಒಣಗಿಯೇ ಇತ್ತು. ಅದನ್ನು ಕಂಡು ಆದ ಸಂತೋಷ ಹೇಳತೀರದು.

ಸಂಕ್ರಮಣದ ದಿನ ತೀರ್ಥ ಉಕ್ಕುವ ಮುಹೂರ್ತ ಮಧ್ಯಾಹ್ನಕ್ಕೆ. ಅಮ್ಮ ಐದು ಲೀಟರಿನ ಬಿಳಿ ಕ್ಯಾನನ್ನು ಬಿಸಿನೀರಿನಲ್ಲಿ ತೊಳೆದು, ಬೋರಲು ಹಾಕಿ ಒಣಗಿಸಿ, ಹಿಂದಿನ ಸೀಟಿನ ಮೇಲೆ ಇಟ್ಟಿದ್ದಳು. ಆ ತೀರ್ಥ ವರ್ಷವಿಡೀ ದೇವರ ಕೋಣೆಯಲ್ಲಿರುತ್ತದೆ. ಮನೆಯಲ್ಲಿ ಯಾರಾದರೂ ಕಣ್ಣು ಮುಚ್ಚುವ ಹೊತ್ತಿಗೆ ಬಾಯಿಗೆ ಬಿಡುವುದೂ ಅದನ್ನೇ. ಎಪ್ಪತ್ತೆಂಟು ವಯಸ್ಸಿನ ಅಪ್ಪ ಈ ಸಲ ತಾನೇ ತರಬೇಕೆಂದು ಹಟ ಹಿಡಿದದ್ದು ಏಕೆ ಎಂದು ನಾನು ಕೇಳಲಿಲ್ಲ.

ಮಡಿಕೇರಿಯವರೆಗಿನ ಏರಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧದಿಂದ ಮೇಲೆ ಹೋಗಲಿಲ್ಲ. ಬೆಟ್ಟಗೇರಿ ದಾಟಿದೆವು, ಚೇರಂಬಾಣೆ ದಾಟಿದೆವು. ಅಲ್ಲಿಂದ ಮುಂದೆ ವಾಹನಗಳ ಸಾಲು ತೆವಳತೊಡಗಿತು. ಜಿನುಗು ಮಳೆ, ಗಾಜಿಗೆ ಹಬೆ. ಹೀಟರ್ ಹಾಕಿದೆ. ಎರಡು ನಿಮಿಷದಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನಿಂದ ಅದೇ ಸಿಹಿ ವಾಸನೆ, ಬಾನೆಟ್ಟಿನ ಅಂಚಿನಿಂದ ಬಿಳಿ ಹಬೆ. ಮುಳ್ಳು ನೋಡುತ್ತಿದ್ದಂತೆ ಕೆಂಪು ಗೆರೆ ಮುಟ್ಟಿತು. ಬದಿಗೆ ತೆಗೆದು ಇಂಜಿನ್ ಆರಿಸಿದೆ. ಇನ್ನೊಂದು ತಿರುವಿನವರೆಗೆ ಹೋಗಿಬಿಡೋಣ ಎಂದು ಮನಸ್ಸು ಎಳೆಯಿತು. ಹಾಗೆ ಹೋಗಿದ್ದರೆ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಿ, ಹೆಡ್ ಎತ್ತಿ ಯಂತ್ರದಲ್ಲಿ ಮಟ್ಟ ಮಾಡಿಸುವ ದೊಡ್ಡ ಖರ್ಚಿಗೆ ಬೀಳುತ್ತಿತ್ತು.

ಫೋನಿಗೆ ಸಿಗ್ನಲ್ ಇಲ್ಲ. ಹಿಂದೆ ಬರುತ್ತಿದ್ದ ಪಿಕಪ್ ನಿಂತಿತು. ಓಡಿಸುತ್ತಿದ್ದ ಹುಡುಗ ಇಳಿದು ಬಂದು ಅಪ್ಪನ ಬಿಳಿ ಪಂಚೆ, ಸೀಟಿನ ಮೇಲಿನ ಕ್ಯಾನ್ ಎರಡನ್ನೂ ನೋಡಿದ. "ಅಜ್ಜ, ನೀವು ನನ್ನ ಗಾಡಿ ಹತ್ತಿ. ಇಂಜಿನ್ ಈಗ ಮುಟ್ಟೋಕಾಗಲ್ಲ. ಭಾಗಮಂಡಲದಿಂದ ಮೇಲೆ ಬಸ್ಸಿಗೆ ನಾನೇ ಹತ್ತಿಸ್ತೇನೆ. ವಾಪಸ್ ಬರುವಾಗ ಅಕ್ಕನ ಗಾಡಿ ನೋಡುವ."

ಅಪ್ಪ ಹೊರಟವರು ನಿಂತರು. ಹಿಂದಿನ ಬಾಗಿಲು ತೆಗೆದು ಕ್ಯಾನ್ ಎತ್ತಿ ನನ್ನ ಕೈಗೆ ಕೊಟ್ಟರು. "ನೀರು ತುಂಬಿಸಬೇಕಲ್ಲ, ಇದೇ ಇರಲಿ."

"ಇದು ತೀರ್ಥಕ್ಕೆ ತಂದದ್ದಲ್ವಾ ಅಪ್ಪ?"

"ಅಲ್ಲಿ ಕೆಳಗೆ ಹರೀತಿರೋ ತೋಡು ಎಲ್ಲಿಗೆ ಹೋಗ್ತದೆ? ಕಾವೇರಿಗೇ ತಾನೆ. ನನಗೊಂದು ಬಾಟಲಿ ಸಾಕು."

ಮುಂದಿನ ನಾಲ್ಕು ಗಂಟೆ ನಾನು ಆ ಕಾರಿನ ಜೊತೆ ಒಬ್ಬಳೇ ಇದ್ದೆ. ಬಸ್ಸುಗಳು ತುಂಬಿ ಹೋಗುತ್ತಿದ್ದವು, ಕಿಟಕಿಯಿಂದ ಜನ ಕೈ ಮುಗಿಯುತ್ತಿದ್ದರು, ನನಗಲ್ಲ, ಬೆಟ್ಟದ ಕಡೆಗೆ. ತೋಡಿಗೆ ಇಳಿದು ಕ್ಯಾನ್ ತುಂಬಿಸಿ ತಂದಿಟ್ಟೆ. ಇಂಜಿನ್ ತಣಿದ ಮೇಲೆ ಟಾರ್ಚ್ ಹಿಡಿದು ಒಂದೊಂದೇ ಪೈಪ್ ನೋಡುತ್ತಾ ಹೋದೆ. ರೇಡಿಯೇಟರಿನ ಕೆಳಮೂಲೆ ಒಣಗಿತ್ತು. ತೇಪೆ ತನ್ನ ಕೆಲಸ ಮಾಡಿತ್ತು. ಒಡೆದದ್ದು ಇನ್ನೊಂದು ಕಡೆ: ಹೀಟರಿಗೆ ಹೋಗುವ ಸಣ್ಣ ರಬ್ಬರ್ ಪೈಪ್, ಕ್ಲಿಪ್ಪಿನ ಪಕ್ಕದಲ್ಲೇ, ಉದ್ದಕ್ಕೆ ಸೀಳಿಹೋಗಿತ್ತು.

ಆಗ ನನಗೆ ತಿಳಿಯಿತು. ಕ್ಯಾಪ್ ಮೇಲೆ 0.9 ಎಂದು ಬರೆದಿರುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ 0.9 ಬಾರ್ ಹೆಚ್ಚಾಗುವವರೆಗೆ ಅದು ಬಾಯಿ ಬಿಡುವುದಿಲ್ಲ. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಮುಚ್ಚಿದ ಕ್ಯಾಪಿನಡಿ, ಸರಿಯಾದ ಕೂಲೆಂಟ್ ಇದ್ದರೆ, ಸುಮಾರು 120ರವರೆಗೂ ಕುದಿಯುವುದಿಲ್ಲ. ಇಂಜಿನ್ ಉಳಿಯುವುದೇ ಆ ಒತ್ತಡದಿಂದ. ಒಂದು ತಿಂಗಳು ರೇಡಿಯೇಟರಿನ ತೂತು ಆ ಒತ್ತಡವನ್ನು ಮೆಲ್ಲಗೆ ಹೊರಬಿಡುತ್ತಾ ಇತ್ತು, ಹಾಗಾಗಿ ಹಳೇ ಪೈಪುಗಳ ಮೇಲೆ ಭಾರವೇ ಬಿದ್ದಿರಲಿಲ್ಲ. ನಾನು ತೂತು ಮುಚ್ಚಿದೆ. ಒಳಗೆ ಒತ್ತಡ ಪೂರ್ತಿ ಕಟ್ಟಿಕೊಂಡಿತು. ಎಷ್ಟೋ ವರ್ಷದಿಂದ ಯಾರೂ ಬದಲಾಯಿಸದೆ ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರ್ ತಡೆಯಲಿಲ್ಲ. ಎರಡು ದಿನ ಮೊದಲು ಆ ಪೈಪನ್ನು ಬೆರಳಲ್ಲಿ ಹಿಸುಕಿ ನೋಡಿದ್ದರೆ ಸಾಕಿತ್ತು. ಗಾಜಿನ ಚೂರಿನ ಹಾಗೆ ಕರಕರ ಎನ್ನುತ್ತಿತ್ತು.

ನಾಲ್ಕು ಗಂಟೆ ದಾಟಿದ ಮೇಲೆ ಪಿಕಪ್ ಬಂತು. ಅಪ್ಪನ ಕೂದಲು ಒದ್ದೆ, ಕೈಯಲ್ಲಿ ಅರ್ಧ ಲೀಟರಿನ ಬಾಟಲಿ. ತೀರ್ಥ ಉಕ್ಕುವ ಕುಂಡಿಕೆಯ ಹತ್ತಿರ ಹೋಗಲಾಗಲಿಲ್ಲವಂತೆ, ಅರ್ಚಕರು ಎರಚಿದ ನೀರು ತಲೆಗೆ ಬಿತ್ತಂತೆ. ಅದನ್ನು ಮೂರು ಸಲ ಹೇಳಿದರು.

ಹುಡುಗ ಸೀಳಿದ ಪೈಪನ್ನು ನೋಡಿ, ಅದನ್ನು ತೇಪೆ ಹಾಕುವ ಗೋಜಿಗೇ ಹೋಗಲಿಲ್ಲ. ಹೀಟರಿನ ಎರಡೂ ಪೈಪ್ ಬಿಚ್ಚಿದ. ಇದ್ದುದರಲ್ಲಿ ಗಟ್ಟಿಯಾದ ಒಂದನ್ನು ಚಾಕುವಿನಲ್ಲಿ ಕೊಯ್ದು, ಇಂಜಿನ್ನಿನಿಂದ ಹೊರಡುವ ಮೂತಿಯಿಂದ ವಾಪಸ್ ಬರುವ ಮೂತಿಗೇ ಬಳಸಿ ಜೋಡಿಸಿದ. ತನ್ನ ಡಬ್ಬಿಯಿಂದ ಎರಡು ಕ್ಲಿಪ್ ತೆಗೆದು ಬಿಗಿದ. ಹೀಟರ್ ಸುತ್ತಿನಿಂದ ಹೊರಗಾಯಿತು. "ಹೀಟರ್ ಇಲ್ಲದೆ ಗಾಡಿ ಓಡ್ತದೆ ಅಕ್ಕ, ಗಾಜು ಬಟ್ಟೆಯಲ್ಲಿ ಒರೆಸಿಕೊಳ್ಳಿ. ಕ್ಯಾಪ್ ಪೂರ್ತಿ ಬಿಗಿಬೇಡಿ, ಮೊದಲನೇ ಕಚ್ಚಿಗೆ ನಿಲ್ಲಿಸಿ. ಒತ್ತಡ ಕಟ್ಟಲ್ಲ. ಆದರೆ ಬೇಗ ಕುದೀತದೆ, ನಿಲ್ಲಿಸಿ ನಿಲ್ಲಿಸಿ ಹೋಗಿ."

ದುಡ್ಡು ಕೊಡಲು ಹೋದರೆ ಎರಡು ಕೈ ಹಿಂದಕ್ಕೆ ಕಟ್ಟಿಕೊಂಡ. ಕ್ಲಿಪ್ಪಿನ ಬೆಲೆಯನ್ನಾದರೂ ತೆಗೆದುಕೋ ಎಂದು ಅಪ್ಪ ಗದರಿದ ಮೇಲೆ ಅಷ್ಟನ್ನೇ ಎಣಿಸಿ ತೆಗೆದುಕೊಂಡ.

ವಾಪಸ್ ಬಂದ ಬಗೆ ಹೇಳುವಂಥದ್ದೇನಿಲ್ಲ. ಮಡಿಕೇರಿಗೆ ಮುಂಚೆ ಮೂರು ಸಲ ನಿಂತೆವು. ಪ್ರತಿ ಸಲ ಬಾನೆಟ್ ಎತ್ತಿ ಕಾದು, ದಪ್ಪ ಬಟ್ಟೆ ಹಿಡಿದು ಕ್ಯಾಪ್ ಸಡಿಲಿಸಿ, ಇಂಜಿನ್ನನ್ನು ನಿಧಾನಕ್ಕೆ ಓಡಲು ಬಿಟ್ಟು, ತೋಡಿನ ನೀರನ್ನು ಸಣ್ಣ ಧಾರೆಯಲ್ಲಿ ಸುರಿದೆವು. ಕಾದ ಇಂಜಿನ್ನಿಗೆ ತಣ್ಣೀರು ಒಮ್ಮೆಗೇ ಸುರಿದರೆ ಲೋಹ ಬಿರಿಯಬಹುದು. ಅಪ್ಪ ಕಿಟಕಿಗಾಜು ಒರೆಸುತ್ತಾ ಕೂತಿದ್ದರು, ತೀರ್ಥದ ಬಾಟಲಿ ಮಡಿಲಲ್ಲಿ.

ಮಾತು ಕೊಟ್ಟಂತೆ ಆ ವಾರವೇ ಗಾಡಿಯನ್ನು ಮೆಕ್ಯಾನಿಕ್ ಅಣ್ಣನ ಬಳಿ ಬಿಟ್ಟೆ. ಬಿಚ್ಚಿದ ರೇಡಿಯೇಟರಿನ ಟ್ಯಾಂಕಿನೊಳಗೆ ಬೆರಳು ಹಾಕಿ ನನಗೆ ತೋರಿಸಿದರು: ಬೂದು ಬಣ್ಣದ ಕೆಸರು, ಅಕ್ಕಿ ತೊಳೆದ ನೀರು ತಳ ಹಿಡಿದ ಹಾಗೆ. ಹೀಟರಿನೊಳಗಿನ ಪುಟ್ಟ ರೇಡಿಯೇಟರಿನಂಥ ಹೀಟರ್ ಕೋರಿನ ನಳಿಗೆಗಳು ಇನ್ನೂ ಸಣ್ಣವು, ಅದರ ಒಂದು ಬಾಯಿಗೆ ನೀರು ಬಿಟ್ಟರೆ ಇನ್ನೊಂದರಿಂದ ತೊಟ್ಟಿಕ್ಕುತ್ತಿತ್ತು ಅಷ್ಟೇ. ತೂತು ಮುಚ್ಚಲು ಹೋದ ಪುಡಿಗೆ ತೂತು ಯಾವುದು, ದಾರಿ ಯಾವುದು ಎಂದು ಗೊತ್ತಾಗುವುದಿಲ್ಲ. ಮೊದಲೇ ತುಕ್ಕು ಕೆಸರು ತುಂಬಿದ ಹಳೇ ಗಾಡಿಯಲ್ಲಂತೂ ಎಲ್ಲಿ ಸಂದು ಕಿರಿದೋ ಅಲ್ಲಿ ಕೂರುತ್ತದೆ. ಎರಡು ದಿನಕ್ಕೇ ಇಷ್ಟು. ಬಾಟಲಿ ಹಾಕಿ ವರ್ಷಗಟ್ಟಲೆ ಮರೆತುಬಿಡುವವರ ಇಂಜಿನ್ನಿನ ಒಳಗೆ ಏನಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ. ಆದರೂ ಆ ಬಾಟಲಿಯನ್ನು ನಾನು ಬೈಯಲಾರೆ. ಅದು ಮುಚ್ಚುತ್ತೇನೆಂದ ತೂತನ್ನು ಮುಚ್ಚಿತ್ತು. ಪೈಪ್ ಒಡೆದರೆ, ವಾಟರ್ ಪಂಪಿನ ಸೀಲ್ ಹೋದರೆ ಅದು ಕೆಲಸಕ್ಕೆ ಬರುವುದಿಲ್ಲ, ಅದನ್ನು ತಿಳಿದುಕೊಳ್ಳಬೇಕಾದವಳು ನಾನು.

ಹೊಸ ರೇಡಿಯೇಟರ್, ಹೊಸ ಹೀಟರ್ ಕೋರ್, ರೇಡಿಯೇಟರಿನ ಮೇಲಿನ, ಕೆಳಗಿನ ಪೈಪ್, ಹೀಟರಿನ ಎಲ್ಲಾ ಪೈಪ್, ಹೊಸ ಕ್ಯಾಪ್. ಒಳಗಿನ ನೀರು ತಿಳಿಯಾಗುವವರೆಗೆ ನಾಲ್ಕು ಸಲ ತೊಳೆದು, ಆಮೇಲೆ ಅರ್ಧಕ್ಕರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಆ ಸಲದ ಮೆಣಸು ಮಾರಿ ಬಂದದ್ದರಲ್ಲಿ ಒಂದು ಪಾಲು ಅದಕ್ಕೇ ಹೋಯಿತು.

ಅಮ್ಮ ದೇವರ ಕೋಣೆಗೆ ಅರ್ಧ ಲೀಟರಿನ ಬಾಟಲಿ ಸಾಲದೆಂದು ಒಂದು ತಿಂಗಳ ಮೇಲೆ ಬರುವ ಕಿರು ಸಂಕ್ರಮಣದೊಳಗೆ ಇನ್ನೊಂದು ಸಲ ಹೋಗಿಬರಲು ಹೇಳಿದಳು. ಹೋಗಿ ಬಂದೆವು, ಹೊಸ ಕ್ಯಾನ್ ಕೊಂಡು. ಹಳೆಯದು ಈಗಲೂ ಡಿಕ್ಕಿಯಲ್ಲಿದೆ, ನೀರು ತುಂಬಿಕೊಂಡು. ಅಪ್ಪ ಬೆಳಿಗ್ಗೆ ಎದ್ದವರು ಕಾಫಿಗೂ ಮೊದಲು ಅಂಗಳಕ್ಕೆ ಇಳಿದು, ಕಾರಿನಡಿಯ ರಟ್ಟನ್ನು ಎಳೆದು, ಬೆಳಕಿಗೆ ಹಿಡಿದು ನೋಡುತ್ತಾರೆ. ಒಣಗಿದ್ದರೆ ನಾಯಿಯನ್ನು ಬಿಚ್ಚುತ್ತಾರೆ.