ಮನೆ ಹಿಂದಿನ ರೂಮು: ಪರ್ಮಿಟ್ ಹೋಲ್ಡ್, ಇನ್ಸ್ಪೆಕ್ಷನ್, ಇಲ್ಲಿವರೆಗಿನ ಅಪ್ಡೇಟ್

ಹಿಂದ್ಗಡೆ ರೂಮು ಬಾತ್‌ರೂಮು ಸೇರಿಸೋ ಕೆಲಸ ಚೆನ್ನಾಗೇ ಸಾಗ್ತಿದೆ, ಮರದ ಫ್ರೇಮ್ ನಿಂತಿದೆ, ಛಾವಣಿ ಮುಗ್ದಿದೆ, ವೈರು ಪೈಪು ಎಲ್ಲಾ ಎಳೆದಾಗಿದೆ. ಆದ್ರೆ ಗೋಡೆ ಮುಚ್ಚೋ ಹಾಗಿಲ್ಲ, ಫ್ರೇಮಿಂಗ್ ಇನ್ಸ್ಪೆಕ್ಷನ್ ಬುಕ್ ಮಾಡೋಕೆ ಹೋದ್ರೆ ಪರ್ಮಿಟ್ ಆಫೀಸಿನ ಪೋರ್ಟಲ್‌ನಲ್ಲಿ ಹೋಲ್ಡ್ ಅಂತ ಬರ್ತಿದೆ.

ಹೋಲ್ಡ್ ಅಂದ ತಕ್ಷಣ ಕೆಲಸಾನೇ ನಿಲ್ಲಿಸಿಬಿಟ್ರು ಅಂತ ತುಂಬಾ ಜನ ಗಾಬರಿ ಆಗ್ತಾರೆ. ಸ್ಟಾಪ್ ವರ್ಕ್ ಆರ್ಡರ್ ಬೇರೆ, ಇದು ಬೇರೆ. ಇದು ಮುಂದಿನ ಯಾವ್ದೋ ಒಂದು ಹೆಜ್ಜೆಗೆ ಹಾಕಿರೋ ಬೀಗ ಅಷ್ಟೇ. ಕೆಲವು ಹೋಲ್ಡ್ ಪರ್ಮಿಟ್ ಕೈಗೆ ಬರೋದನ್ನೇ ತಡೀತವೆ, ಕೆಲವು ಒಂದು ಇನ್ಸ್ಪೆಕ್ಷನ್ ಬುಕ್ ಆಗೋದನ್ನ, ಇನ್ನು ಕೆಲವು ಎಲ್ಲಾ ಮುಗಿದ್ಮೇಲೆ ವಾಸಕ್ಕೆ ಕೊಡೋ ಸರ್ಟಿಫಿಕೇಟನ್ನ. ಹಾಕೋರೂ ಒಬ್ರಲ್ಲ, ಸೆಟ್‌ಬ್ಯಾಕ್ (ಸೈಟಿನ ಗಡಿಯಿಂದ ಬಿಡ್ಬೇಕಾದ ಜಾಗ) ವಿಷಯ ಆದ್ರೆ ಝೋನಿಂಗ್‌ನೋರು, ಫೀ ಬಾಕಿ ಇದ್ರೆ ಕೌಂಟರ್‌ನೋರು, ಮಳೆನೀರು ಹೋಗೋ ದಾರಿ ಆದ್ರೆ ಇನ್ನೊಂದು ಡಿಪಾರ್ಟ್‌ಮೆಂಟು. ಸೈಟಿಗೆ ಬರೋ ಇನ್ಸ್ಪೆಕ್ಟರ್ ಹತ್ರ ಎಷ್ಟು ಕೇಳ್ಕೊಂಡ್ರೂ ಬೇರೆಯೋರು ಹಾಕಿದ್ದನ್ನ ಅವ್ರು ತೆಗೆಯೋಕಾಗಲ್ಲ. ಅದಕ್ಕೇ ಒಂದು ಶೀಟ್ ಮಾಡ್ಕೊಂಡಿದೀನಿ: ಯಾರು ಹಾಕಿದ್ದು, ಯಾವ ಹೆಜ್ಜೆ ನಿಂತಿದೆ, ಯಾವ ಕಾಗದ ಕೊಟ್ರೆ ಹೋಗುತ್ತೆ.

ಈಗಿರೋದು ಎಪಾಕ್ಸಿ (ಕಾಂಕ್ರೀಟಲ್ಲಿ ಕಂಬಿ ಅಂಟಿಸೋ ಗಟ್ಟಿ ಅಂಟು) ಹೋಲ್ಡ್. ಹೊಸ ಪಾಯನ ಹಳೇ ಪಾಯಕ್ಕೆ ಸೇರಿಸೋಕೆ ಡ್ರಿಲ್ ಮಾಡಿ, ತೂತು ಕ್ಲೀನ್ ಮಾಡಿ, ಎಪಾಕ್ಸಿ ತುಂಬಿ ಕಂಬಿ ಕೂರಿಸಿದ್ವಿ. ಇದನ್ನ ಆಮೇಲೆ ನೋಡಿ ಏನೂ ಹೇಳೋಕಾಗಲ್ಲ, ತೂತು ಎಷ್ಟು ಆಳ ಇತ್ತು, ಒಳಗೆ ಧೂಳು ಇತ್ತಾ ಅಂತ ಕೂರಿಸೋವಾಗ್ಲೇ ನೋಡ್ಬೇಕು, ಹಾಗಾಗಿ ಟೆಸ್ಟಿಂಗ್ ಲ್ಯಾಬಿನ ಸ್ಪೆಷಲ್ ಇನ್ಸ್ಪೆಕ್ಟರ್ ಪಕ್ಕದಲ್ಲೇ ನಿಂತು ನೋಡಿ ರಿಪೋರ್ಟ್ ಕೊಡ್ತಾರೆ. ನೋಡಿದ್ದೂ ಆಯ್ತು, ಬರೆದಿದ್ದೂ ಆಯ್ತು, ಇಂಜಿನಿಯರ್ ಸೀಲ್ ಇರೋ ರಿಪೋರ್ಟ್ ಮಾತ್ರ ಫೈಲಿಗೆ ಸೇರಿರ್ಲಿಲ್ಲ.

ಇನ್ಸ್ಪೆಕ್ಷನ್‌ಗಳ ಆರ್ಡರ್ ಹಿಂದಿರೋ ಲಾಜಿಕ್ಕೂ ಇದೇ, ಮುಚ್ಚಿಹೋಗೋದನ್ನ ಮುಚ್ಚೋ ಮುಂಚೆ ನೋಡೋದು. ಪಾಯದ ತಳದ ಫುಟಿಂಗ್‌ನಲ್ಲಿ ಕಾಂಕ್ರೀಟ್ ಹಾಕೋ ಮುಂಚೆ ಬಂದ ಇನ್ಸ್ಪೆಕ್ಟರ್ ಟೇಪ್ ಇಟ್ಟು ಅಳೆದಿದ್ದು ಕಂಬಿಗೂ ಮಣ್ಣಿಗೂ 3 ಇಂಚು ಗ್ಯಾಪ್ ಇದ್ಯಾ ಅಂತ, ಯಾಕಂದ್ರೆ ಗ್ಯಾಪ್ ಕಮ್ಮಿ ಆದ್ರೆ ತೇವ ಕಂಬಿ ಮುಟ್ಟಿ ತುಕ್ಕು ಹಿಡಿಯುತ್ತೆ.

ನಂಗೆ ತುಂಬಾ ಇಷ್ಟ ಆಗಿದ್ದು ರಫ್-ಇನ್ (ಗೋಡೆ ಮುಚ್ಚೋ ಮುಂಚೆ ವೈರು ಪೈಪು ಎಳೆಯೋ ಕೆಲಸ) ಆದ್ಮೇಲೆ ಫ್ರೇಮಿಂಗ್ ನೋಡೋ ಕ್ರಮ. ಮರ ನಿಂತಿದ್ದು ಮೊದಲು, ಆದ್ರೂ ವೈರಿಂಗ್ ಪ್ಲಂಬಿಂಗ್ ಪಾಸಾದ್ಮೇಲೇ ಅದರ ಸರದಿ, ಯಾಕಂದ್ರೆ ಪ್ಲಂಬರ್ ಪೈಪ್ ದಾಟಿಸೋಕೆ ಅದೇ ಮರ ಕೊರೀತಾನೆ. ನಾವು ಫಾಲೋ ಮಾಡ್ತಿರೋ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ (ಅಮೆರಿಕದಲ್ಲಿ ಮನೆ ಕಟ್ಟೋಕೆ ಬಳಸೋ ಮಾದರಿ ನಿಯಮ) ಪ್ರಕಾರ ಭಾರ ಹೊರೋ ಗೋಡೆಯ ಸ್ಟಡ್‌ನಲ್ಲಿ (ಗೋಡೆ ಒಳಗೆ ನೆಟ್ಟಗೆ ನಿಲ್ಲಿಸೋ ಮರ) ಅಂಚಿಂದ ಕತ್ತರಿಸೋದು ಅಗಲದ 25% ದಾಟಬಾರ್ದು, ಒಂಟಿ ಸ್ಟಡ್ ಆದ್ರೆ ತೂತು 40% ದಾಟಬಾರ್ದು. ವೈರ್ ಹೋಗೋ ತೂತು ಸ್ಟಡ್ ಮುಖದಿಂದ 1¼ ಇಂಚಿಗಿಂತ ಹತ್ರ ಇದ್ರೆ ಅಲ್ಲೊಂದು ಸ್ಟೀಲ್ ಪ್ಲೇಟ್ ಹೊಡೀಬೇಕು, ಇಲ್ಲಾಂದ್ರೆ ನಾಳೆ ಯಾರೋ ಫೋಟೊ ನೇತುಹಾಕೋಕೆ ಮೊಳೆ ಹೊಡೆದ್ರೆ ಸೀದಾ ವೈರಿಗೆ. ಬಾತ್‌ರೂಮ್ ಗೋಡೆಯಲ್ಲಿ ಆ ಪ್ಲೇಟ್‌ಗಳನ್ನೆಲ್ಲಾ ಮುಟ್ಟಿ ಮುಟ್ಟಿ ನೋಡಿದೀನಿ.

ಇನ್ನೊಂದು ವಿಷ್ಯ, ಪರ್ವಾಗಿಲ್ಲ ಬಿಡಿ ಅಂತ ಕಾಂಟ್ರಾಕ್ಟರ್ ಹೇಳಿದ್ರೂ ಇದನ್ನ ಉದಾಸೀನ ಮಾಡ್ಬೇಡಿ. ಶುರು ಮಾಡಿದ ಕೆಲಸ 180 ದಿನ ನಿಂತ್ರೆ ಅದೇ ಕೋಡ್ ಪ್ರಕಾರ ಪರ್ಮಿಟ್ ರದ್ದಾಗುತ್ತೆ, ಹೋಲ್ಡ್ ಇದೆ ಅಂತ ಸುಮ್ನೆ ಕೂರೋ ಹಾಗಿಲ್ಲ. ಕಾರಣ ಬರೆದು ಲಿಖಿತವಾಗಿ ಕೇಳಿದ್ರೆ ಎಕ್ಸ್‌ಟೆನ್ಷನ್ ಕೊಡೋಕೆ ಅವಕಾಶ ಇದೆ. ಇನ್ಸ್ಪೆಕ್ಟರ್ ಕರೆಕ್ಷನ್ (ಸರಿ ಮಾಡ್ಬೇಕಾದ್ದು) ಬರೆದುಕೊಟ್ರೆ ಅದನ್ನ ಅಲ್ಲೇ ಅವ್ರ ಎದುರಿಗೆ ಓದಿ, ಅರ್ಥ ಆಗದಿದ್ರೆ ಅವಾಗ್ಲೇ ಕೇಳಿ.

ಸದ್ಯಕ್ಕೆ ಸೀಲ್ ಇರೋ ರಿಪೋರ್ಟ್ ಲ್ಯಾಬಿಂದ ಬಂತು, ಅಪ್ಲೋಡ್ ಮಾಡಿದೀನಿ, ನಕ್ಷೆ ಪರಿಶೀಲಿಸೋ ಪ್ಲಾನ್ ರಿವ್ಯೂನೋರು ನೋಡಿ ಹೋಲ್ಡ್ ತೆಗೀಬೇಕು. ತೆಗೆದ್ರೆ ಫ್ರೇಮಿಂಗ್ ಬುಕ್ ಮಾಡ್ತೀನಿ, ಆಮೇಲೆ ಇನ್ಸುಲೇಷನ್, ಅದಾದ್ಮೇಲೇ ಗೋಡೆಗೆ ಬೋರ್ಡು. ಅಷ್ಟ್ರೊಳಗೆ ಪ್ರತಿ ಗೋಡೆಗೂ ಟೇಪ್ ಹಿಡಿದು ಒಂದೊಂದು ಫೋಟೊ ತೆಗೀಬೇಕು, ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಆಮೇಲೂ ಗೊತ್ತಾಗ್ಲಿ.