ಗೆರೆಗೆ ಬೆನ್ನು ಮಾಡಿ

ಆಗಸ್ಟ್ 29, 2024, ಗುರುವಾರ

ರಾತ್ರಿ ಹನ್ನೊಂದು ದಾಟಿದೆ. ಎರಡು ದಿನದಿಂದ ತಲೆಯಲ್ಲಿ ಹಾನ್ಸ್ ವಾಲ್ಟರ್ ಒಬ್ಬರೇ. ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಸ್ವಿಟ್ಜರ್‌ಲೆಂಡಿನ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಸ್ಪರ್ಧೆಯ ಆಟಗಾರ. ಹುಟ್ಟಿದ್ದು 1889ರಲ್ಲಿ. ತೋಳಲ್ಲಿ ಕಸುವು ತುಂಬಿದ ಇಪ್ಪತ್ತೈದರ ವಯಸ್ಸಿಗೆ ಸರಿಯಾಗಿ ಮಹಾಯುದ್ಧ ಶುರುವಾಯಿತು. 1916ರ ಬರ್ಲಿನ್ ಒಲಿಂಪಿಕ್ಸ್ ನಡೆಯಲೇ ಇಲ್ಲ. ಯುರೋಪಿನ ರೋಯಿಂಗ್ ಚಾಂಪಿಯನ್‌ಶಿಪ್ ಕೂಡ ನಿಂತುಹೋಯಿತು. ಆಟಗಾರನಿಗೆ ಆ ವರ್ಷಗಳನ್ನು ವಾಪಸ್ ಕೊಡುವವರು ಯಾರು?

1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಬರುವಾಗ ಅವರಿಗೆ ಮೂವತ್ತು ದಾಟಿತ್ತು. ದೋಣಿ ಸ್ಪರ್ಧೆ ನಡೆದದ್ದು ಬ್ರಸೆಲ್ಸ್ ಹತ್ತಿರದ ಹಡಗು ಕಾಲುವೆಯಲ್ಲಿ. ದಡದುದ್ದಕ್ಕೂ ಕಾರ್ಖಾನೆ, ಎಣ್ಣೆ ಟ್ಯಾಂಕು. ವಾಲ್ಟರ್ ಜೊತೆ ವಿಲ್ಲಿ ಬ್ರೂಡರ್ಲಿನ್, ಮ್ಯಾಕ್ಸ್ ರುಡಾಲ್ಫ್, ಪೌಲ್ ರುಡಾಲ್ಫ್. ಚುಕ್ಕಾಣಿ ಹಿಡಿದವರು ಪೌಲ್ ಶ್ಟೌಬ್. ಅಮೆರಿಕ, ನಾರ್ವೆಯನ್ನು ಹಿಂದೆ ಹಾಕಿ ಚಿನ್ನ ಗೆದ್ದರು.

ಅಲ್ಲಿಗೇ ನಿಲ್ಲಿಸಿದ್ದರೂ ಸಾಕಿತ್ತು, ಅಲ್ವಾ? ನಾಲ್ಕು ವರ್ಷದ ಮೇಲೆ ಪ್ಯಾರಿಸ್‌ಗೆ ಮತ್ತೆ ಬಂದರು. ಈ ಸಲ ಉಳಿದ ಮೂವರೂ ಹೊಸಬರು: ಎಮಿಲ್ ಆಲ್ಬ್ರೆಕ್ಟ್, ಆಲ್ಫ್ರೆಡ್ ಪ್ರೋಬ್ಸ್ಟ್, ಓಯ್ಗನ್ ಸಿಗ್. ಚುಕ್ಕಾಣಿಗೂ ಹೊಸಬರೇ, ವಾಲ್ಟರ್ ಲೋಸ್ಲಿ. ನಾಲ್ಕು ಜನ ಒಂದೇ ಉಸಿರಿನಲ್ಲಿ ಹುಟ್ಟು ಹಾಕಬೇಕಾದ ಆಟ ಇದು. ಒಬ್ಬರ ಬೆನ್ನು ಒಂದು ಕ್ಷಣ ತಡವಾಗಿ ಬಾಗಿದರೂ ದೋಣಿಗೆ ತಿಳಿಯುತ್ತದೆ. ಹಳೆಯ ಜೊತೆಗಾರರ ಲಯಕ್ಕೆ ಒಗ್ಗಿದ ಮೈಯನ್ನು ಮೊದಲಿಂದ ಪಳಗಿಸಬೇಕು. ಅದನ್ನು ಅವರು ಮೂವತ್ತನಾಲ್ಕು ದಾಟಿದ ಮೇಲೆ ಮಾಡಿದರು. ನನಗೆ ಅವರು ಗೆದ್ದ ಚಿನ್ನಕ್ಕಿಂತ ಇದೇ ಜಾಸ್ತಿ ದೊಡ್ಡದು ಅನ್ನಿಸುತ್ತದೆ.

ಅದೇ ನಾಲ್ವರು ಅಲ್ಲಿ ಎರಡು ಸ್ಪರ್ಧೆಗೆ ಇಳಿದರು. ಚುಕ್ಕಾಣಿಗನಿಲ್ಲದ ದೋಣಿಯಲ್ಲಿ ಬ್ರಿಟನ್, ಕೆನಡಾ ಮುಂದೆ ಹೋದವು, ಇವರಿಗೆ ಕಂಚು. ಅಲ್ಲಿ ದಿಕ್ಕು ನೋಡಿಕೊಳ್ಳುವ ಕೆಲಸವೂ ಹುಟ್ಟು ಹಾಕುವವರದ್ದೇ. ಲೋಸ್ಲಿ ಕೂತ ದೋಣಿಯಲ್ಲಿ ಚಿನ್ನ. ಪ್ಯಾರಿಸ್‌ನಲ್ಲಿ ರೋಯಿಂಗ್ ಸ್ಪರ್ಧೆಗಳು ಇದ್ದದ್ದು 7, ಪುಟ್ಟ ಸ್ವಿಟ್ಜರ್‌ಲೆಂಡಿಗೆ ಸಿಕ್ಕ ಪದಕ 5.

ಹುಟ್ಟು ಹಾಕುವವರು ಗೆಲುವಿನ ಗೆರೆಗೆ ಬೆನ್ನು ಮಾಡಿ ಕೂರುತ್ತಾರೆ. ಎಲ್ಲರಿಗಿಂತ ಹಿಂದಿರುವವರಿಗೆ ಕಾಣುವುದು ಬರೀ ನೀರು. ಮುಂದಿರುವವರಿಗೆ ಮಾತ್ರ ಉಳಿದವರೆಲ್ಲ ಕಾಣುತ್ತಾರೆ. ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಆ ದಿನ ಸೇನ್ ನದಿಯಲ್ಲಿ, ಮೂರು ಸೆಕೆಂಡಿನಷ್ಟು ಹಿಂದೆ, ಫ್ರಾನ್ಸಿನ ದೋಣಿ ವಾಲ್ಟರ್ ಕಣ್ಣೆದುರೇ ಇತ್ತು.